ಸುತ್ತಿಗೆಪ್ಪ ಮಳಿ ತರತಾನೇನು?

ಭಾದ್ರಪದದ ಅಷ್ಟಮಿ ಕಳೆದು ಮೂರನೆಯ ದಿನ. ಯಲಬುರ್ಗಾದ ನಮ್ಮ ಮನೆಯ ಕಟ್ಟೆಗೆ ಇಬ್ಬರು ದೇವರು ಒಟ್ಟಿಗೆ ಬಂದರು. ಒಬ್ಬ, ಅಂಬಿಗೇರ ಯಮ್ಮನ ಬುಟ್ಟಿಯಲ್ಲಿ ಬೇವಿನ ತಪ್ಪಲಿನ ನಡುವೆ, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಪಿಳಿಪಿಳಿ ನೋಡುತ್ತಿದ್ದ ಮಣ್ಣಿನ ಜೋಕುಮಾರ. ಇನ್ನೊಬ್ಬ, ಗಣಪತಿ ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗನ ಮೊಬೈಲಿನಲ್ಲಿ ಕೂದಲು ಹಾರಿಸುತ್ತ ನಿಂತಿದ್ದ ಥಾರ್. ಹುಡುಗನ ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ಕಿನ ಸುತ್ತಿಗೆಯೂ ಇತ್ತು. ಹಿಡಿಯ ಬಳಿ ಒತ್ತಿದರೆ ನೀಲಿ ದೀಪ ಹತ್ತಿ ಗುಡುಗಿನಂಥದೇನೋ ಕೇಳುತ್ತಿತ್ತು. ಆ ಗುಡುಗಿಗೆ ನಮ್ಮ ಓಣಿಯ ನಾಯಿಯೂ ಕಿವಿ ಎತ್ತಲಿಲ್ಲ.

ಹುಡುಗ ಬುಟ್ಟಿಯೊಳಗೆ ಇಣುಕಿ ಕೇಳಿದ: "ಅಜ್ಜಿ, ಇವನ ಪವರ್ ಏನು?"

"ಪಾವರ್ರಾ?" ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಮ್ಯಾಲ ಹೋಗಿ ಖರೇ ಹೇಳತಾನ. ಅಷ್ಟ ನೋಡಪಾ ಇವನ ಪಾವರ್ರು."

ಗೊತ್ತಿಲ್ಲದವರಿಗೆ ಹೇಳುವುದಾದರೆ, ನಮ್ಮ ಕಡೆಯ ಲೆಕ್ಕ ಹೀಗಿದೆ. ಗಣಪ ಬರುತ್ತಾನೆ, ಕಡುಬು ತಿನ್ನುತ್ತಾನೆ, ಸನ್ಮಾನ ಮಾಡಿಸಿಕೊಂಡು ಕೈಲಾಸಕ್ಕೆ ಮರಳಿ 'ಭೂಲೋಕದಾಗ ಎಲ್ಲಾ ಸುಖದಾಗ ಅದಾರ' ಎಂದು ವರದಿ ಒಪ್ಪಿಸುತ್ತಾನೆ. ಅವನ ಹಿಂದೆಯೇ ಜೋಕುಮಾರ ಬರುತ್ತಾನೆ. ಆಯುಷ್ಯ ಏಳೇ ದಿನ. ಕೇರಿ ಕೇರಿ ತಿರುಗಿ, ಒಣಗಿದ ಪೈರು ನೋಡಿ, ಬತ್ತಿದ ಹಳ್ಳ ನೋಡಿ, ಹುಣ್ಣಿಮೆಯ ರಾತ್ರಿ ಒನಕೆಯ ಏಟು ತಿಂದು ಸತ್ತು, ಮೇಲೆ ಹೋಗಿ ಶಿವನೆದುರು ನಿಜ ಹೇಳುತ್ತಾನೆ. ಆಮೇಲೆ ಮಳೆ. ಒಬ್ಬ ಸರಕಾರಿ ಪ್ರವಾಸದ ಅಧಿಕಾರಿ, ಇನ್ನೊಬ್ಬ ಬರ ನೋಡಲು ನಿಜಕ್ಕೂ ಹೊಲಕ್ಕಿಳಿದವ. ಇಷ್ಟನ್ನು ನಮ್ಮ ಜನ ಯಾವ ಆಡಳಿತ ಶಾಸ್ತ್ರ ಓದದೆಯೂ ಕಂಡುಕೊಂಡಿದ್ದರು.

ಯಮ್ಮನ ಕಣ್ಣು ಈಗ ಮೊಬೈಲಿನ ಮೇಲೆ ಬಿತ್ತು. "ಇವ ಯಾರಪಾ, ಸುತ್ತಿಗಿ ಹಿಡಿದಾನ? ಕಮ್ಮಾರನೇನು?"

"ಗಾಡ್ ಆಫ್ ಥಂಡರ್. ಗುಡುಗಿನ ದೇವರು."

"ಓಹೋ ಸುತ್ತಿಗೆಪ್ಪ! ಗುಡುಗಿನ ದೇವರಂದಮ್ಯಾಲ ಮಳಿ ತರತಾನೇನು?"

"ಮಳೆ ಎಲ್ಲ ತರಲ್ಲ. ವರ್ಲ್ಡ್ ಸೇವ್ ಮಾಡ್ತಾನೆ. ಲೋಕ ಉಳಿಸ್ತಾನೆ."

ಯಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. "ಆ ಲೋಕದಾಗ ನಮ್ಮ ಯಲಬುರ್ಗಿ ಬರತೈತೇನು?"

ಹುಡುಗನ ಬಳಿ ಉತ್ತರ ಇರಲಿಲ್ಲ. ಈ ಥಾರ್‌ನ ಸಿನಿಮಾ ತೆಗೆದ ಮಾರ್ವೆಲ್ ಕಂಪನಿಯ ಬಳಿಯೂ ಇರಲಾರದು.

ಯಮ್ಮ ಕೇಳಿದ ಪ್ರಶ್ನೆ ಸಿನಿಮಾಕ್ಕಿಂತ ಒಂಬೈನೂರು ವರ್ಷ ಹಳೆಯದು ಎಂಬುದು ನನಗೆ ಆಮೇಲೆ ಹೊಳೆಯಿತು. ಹನ್ನೊಂದನೆಯ ಶತಮಾನದಲ್ಲಿ ಬ್ರೆಮೆನ್ನಿನ ಆಡಮ್ ಎಂಬ ಪಾದ್ರಿ ಸ್ವೀಡನ್ನಿನ ಉಪ್ಸಾಲಾದ ದೇವಸ್ಥಾನದ ಬಗ್ಗೆ ಬರೆದಿಟ್ಟಿದ್ದಾನೆ. ಅಲ್ಲಿ ಮೂರು ದೇವರು, ನಡುವಿನ ಪೀಠ ಥಾರ್‌ನದು. ಗುಡುಗು, ಸಿಡಿಲು, ಗಾಳಿ, ಮಳೆ, ಬೆಳೆ ಎಲ್ಲವೂ ಅವನ ಖಾತೆ. ಯುದ್ಧ ಬಂದರೆ ಜನ ಓಡಿನ್‌ಗೆ ಬಲಿ ಕೊಡುತ್ತಿದ್ದರು, ಬರವೋ ಬೇನೆಯೋ ಬಂದರೆ ಥಾರ್‌ಗೆ. ಅಂದರೆ ಓಡಿನ್ ರಾಜರ, ಕವಿಗಳ, ದಂಡನಾಯಕರ ದೇವರು. ಥಾರ್ ಮಾತ್ರ ಒಕ್ಕಲಿಗರವ. ಕೆಂಪು ಗಡ್ಡ, ದೊಡ್ಡ ಹೊಟ್ಟೆ, ಬೇಗ ಬರುವ ಸಿಟ್ಟು, ಅಷ್ಟೇ ಬೇಗ ಇಳಿಯುವ ಸಿಟ್ಟು. ಎರಡು ಹೋತ ಕಟ್ಟಿದ ಬಂಡಿಯಲ್ಲಿ ಆಕಾಶದ ಮೇಲೆ ಗಡಗಡ ಹೋಗುತ್ತಿದ್ದ. ಜನ ಅದನ್ನೇ ಗುಡುಗು ಎನ್ನುತ್ತಿದ್ದರು. ನಮ್ಮ ಇಂದ್ರನ ದೂರದ ಸೋದರಸಂಬಂಧಿ ಅನ್ನಿ. ಇವನ ಕೈಯಲ್ಲಿ ತ್ವಷ್ಟೃ ಮಾಡಿಕೊಟ್ಟ ವಜ್ರ, ಅವನ ಕೈಯಲ್ಲಿ ಕುಬ್ಜ ಕಮ್ಮಾರರು ಬಡಿದುಕೊಟ್ಟ ಸುತ್ತಿಗೆ. ಆ ಸುತ್ತಿಗೆಯ ಕಾವು ಗಿಡ್ಡ. ಕುಲುಮೆಯ ತಿದಿ ಒತ್ತುತ್ತಿದ್ದವನ ರೆಪ್ಪೆಗೆ ಲೋಕಿ ಎಂಬ ಕಿಡಿಗೇಡಿ ನೊಣದ ರೂಪದಲ್ಲಿ ಬಂದು ಕಚ್ಚಿದ್ದರಿಂದ ಆದ ಊನ ಅದು. ಕೆಲಸ ನಡೆದಾಗ ಯಾರೋ ಬಂದು ತಲೆ ತಿಂದರೆ ಏನಾಗುತ್ತದೆ ಎಂಬುದು ನಮ್ಮ ಬಡಿಗೇರರಿಗೆಲ್ಲ ಗೊತ್ತಿರುವ ಸಂಗತಿ. ದೇವರ ಆಯುಧದಲ್ಲೂ ಅದೇ ಕೊರತೆ ಇದೆ ಎಂದರೆ ಆ ದೇವರನ್ನು ಕಂಡರೆ ನನಗೆ ವಿಶ್ವಾಸ ಹೆಚ್ಚುತ್ತದೆ.

ಇಂಥ ದೇವರನ್ನು ಸಿನಿಮಾ ಏನು ಮಾಡಿತು? ಸಿನಿಮಾಕ್ಕಿಂತ ಮೊದಲು ಚಿತ್ರಕಥೆಯ ಪುಸ್ತಕ ಕೈ ಹಾಕಿತ್ತು. 1962ರಲ್ಲಿ ಸ್ಟ್ಯಾನ್ ಲೀ, ಲ್ಯಾರಿ ಲೀಬರ್, ಜ್ಯಾಕ್ ಕರ್ಬಿ ಸೇರಿ ಥಾರ್‌ನನ್ನು ಅಮೆರಿಕಕ್ಕೆ ಕರೆತಂದರು. ಒಬ್ಬ ಕುಂಟ ಡಾಕ್ಟರು ನಾರ್ವೆಯ ಗವಿಯಲ್ಲಿ ಸಿಕ್ಕ ಕೋಲನ್ನು ಕುಟ್ಟಿದರೆ ಥಾರ್ ಆಗುತ್ತಾನೆ. ಕೆಂಪು ಗಡ್ಡ ಬೋಳಿಸಿ, ತಲೆಗೂದಲಿಗೆ ಜೋಳದ ರವದಿಯ ಬಣ್ಣ ಬಳಿದರು. 2009ರಲ್ಲಿ ಡಿಸ್ನಿ ಕಂಪನಿ ಸುಮಾರು 4 ಬಿಲಿಯನ್ ಡಾಲರ್ ಕೊಟ್ಟು ಮಾರ್ವೆಲ್ ಅನ್ನು ಕೊಂಡುಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಜೇಡರ ಹುಡುಗ, ಉಕ್ಕಿನ ಮನುಷ್ಯ, ಹಸಿರು ರಾಕ್ಷಸ ಇವರ ಜೊತೆ ಒಂದು ಸೀಮೆಯ ದೇವರೂ ಸಗಟಿನಲ್ಲಿ ಹೋದ. ಸಂತೆಯಲ್ಲಿ ಕುರಿ ಹಿಂಡು ಕೊಂಡರೆ ಒಂದು ನಾಯಿ ಪುಕ್ಕಟೆ ಬರುತ್ತದಲ್ಲ, ಹಾಗೆ.

2011ರಲ್ಲಿ ಮೊದಲ ಸಿನಿಮಾ ಬಂತು. ಆಮೇಲೆ 2013, 2017, 2022. ಇವನ್ನೆಲ್ಲ ನಾನು ಅಣ್ಣನ ಮಗನ ಪಕ್ಕ ಕೂತು ನೋಡಿದ್ದೇನೆ. ನೋಡುತ್ತ ನನಗೆ ಬಂದ ಅನುಮಾನ ಒಂದೇ: ಇವರು ವಾರಸಾ ಬದಲಾವಣೆ ಯಾವ ಕಚೇರಿಯಲ್ಲಿ ಮಾಡಿಸಿದರು?

ಐಸ್‌ಲ್ಯಾಂಡಿನ ಹಳೆಯ ಪುಸ್ತಕಗಳಲ್ಲಿ ಲೋಕಿ ಎಂಬವ ಓಡಿನ್‌ನೊಂದಿಗೆ ರಕ್ತ ಬೆರೆಸಿ ಅಣ್ಣತಮ್ಮ ಆದವ. ಓಡಿನ್ ಥಾರ್‌ನ ಅಪ್ಪ. ಹಾಗಾದರೆ ಲೋಕಿ ಥಾರ್‌ಗೆ ಕಾಕಾ ಆಗಬೇಕು. ಸಿನಿಮಾದಲ್ಲಿ ಅವನೇ ದತ್ತು ತಮ್ಮ. ಸಾವಿನ ಲೋಕದ ಒಡತಿ ಹೆಲ್ ಎಂಬವಳು ಲೋಕಿಯ ಮಗಳು. 2017ರ ಸಿನಿಮಾದಲ್ಲಿ ಅವಳು ಓಡಿನ್‌ನ ಹಿರಿಯ ಮಗಳಾಗಿ ಬಂದು ಆಸ್ತಿ ಕೇಳುತ್ತಾಳೆ. ಕಾಕಾನನ್ನು ತಮ್ಮನನ್ನಾಗಿ, ಕಾಕಾನ ಮಗಳನ್ನು ಅಕ್ಕನನ್ನಾಗಿ ಮಾಡಿದ ವಂಶಾವಳಿ ಪತ್ರ ಹಿಡಿದು ನಮ್ಮ ತಾಲೂಕಿನ ಯಾವ ಕಚೇರಿಯ ಕಿಟಕಿಗೆ ಹೋದರೂ ಒಳಗಿನವರು ತಲೆ ಎತ್ತಿ ನೋಡುತ್ತಿದ್ದರು. ಹಾಗೆ ತಲೆ ಎತ್ತಿ ನೋಡುವುದೇ ನಮ್ಮಲ್ಲಿ ಅಪರೂಪ ಎಂಬ ಮಾತು ಬೇರೆ. ವಾಟ್ನಿ ವ್ಯಾಜ್ಯದಲ್ಲಿ ಮೂರು ತಲೆಮಾರು ಸವೆಸಿದ ನಮ್ಮಂಥವರಿಗೆ ಇದು ಕಲ್ಪನೆ ಅನ್ನಿಸುವುದಿಲ್ಲ, ಖೊಟ್ಟಿ ಕಾಗದಪತ್ರ ಅನ್ನಿಸುತ್ತದೆ.

ಸುತ್ತಿಗೆಯ ವಿಷಯ ಇನ್ನೂ ಸ್ವಾರಸ್ಯ. ಸಿನಿಮಾದಲ್ಲಿ ಅದನ್ನು 'ಯೋಗ್ಯ'ರು ಮಾತ್ರ ಎತ್ತಬಲ್ಲರು. ಇಡೀ ಪಟ್ಟಣದ ಗಂಡಸರು ಸಾಲುಗಟ್ಟಿ ಜಗ್ಗಿದರೂ ಅಲುಗುವುದಿಲ್ಲ. ಮೂಲ ಕತೆಯಲ್ಲಿ ಇಂಥ ಅರ್ಹತಾ ಪರೀಕ್ಷೆ ಇಲ್ಲವೇ ಇಲ್ಲ. ತ್ರಿಮ್ ಎಂಬ ದೈತ್ಯ ಅದನ್ನು ರಾತ್ರೋರಾತ್ರಿ ಕದ್ದು ನೆಲದಡಿ ಹೂತಿಟ್ಟ. ದೈತ್ಯನಿಗೆ ಎತ್ತಲು ಬಂತು, ಯಾರೂ ಅವನ ಯೋಗ್ಯತೆ ಕೇಳಲಿಲ್ಲ. ಮೂಲದಲ್ಲಿ ಅದೊಂದು ಸಲಕರಣೆ; ಕಬ್ಬಿಣದ ಕೈಗವಸು ತೊಟ್ಟು, ನಡುಪಟ್ಟಿ ಬಿಗಿದು ಹಿಡಿಯಬೇಕಾದದ್ದು. ಹೊಡೆಯುವುದಷ್ಟೇ ಅದರ ಕೆಲಸವಾಗಿರಲಿಲ್ಲ. ಮದುವೆಯಲ್ಲಿ ಹೆಣ್ಣಿನ ಮಡಿಲಲ್ಲಿ ಇಟ್ಟು ಹರಸುತ್ತಿದ್ದರು. ಸತ್ತ ಹೋತದ ಎಲುಬಿನ ಮೇಲೆ ಎತ್ತಿ ಹಿಡಿದರೆ ಜೀವ ಬರುತ್ತಿತ್ತು. ನಮ್ಮ ಮನೆಯ ಒನಕೆಯಂತೆ: ಕುಟ್ಟುವುದಕ್ಕೂ ಅದೇ, ಮದುವೆಯ ಶಾಸ್ತ್ರಕ್ಕೂ ಅದೇ, ಕೊನೆಗೆ ಜೋಕುಮಾರನನ್ನು ಕೊಲ್ಲುವುದಕ್ಕೂ ಅದೇ. ಸಿನಿಮಾ ಅದಕ್ಕೆ ಒಂದೇ ಕೆಲಸ ಉಳಿಸಿತು. ಹೊಡೆತ. ಉಳಿದ ಹುದ್ದೆಗಳೆಲ್ಲ ರದ್ದು.

ಹೋತದ ಕತೆ ಬಂತಲ್ಲ, ಅದನ್ನು ಹೇಳದೆ ಮುಂದೆ ಹೋಗಲಾರೆ. ದಾರಿಯಲ್ಲಿ ಕತ್ತಲಾದರೆ ಥಾರ್ ಬಡ ಒಕ್ಕಲಿಗನೊಬ್ಬನ ಮನೆಯಲ್ಲಿ ಇಳಿಯುತ್ತಾನೆ. ತನ್ನ ಬಂಡಿಯ ಹೋತಗಳನ್ನೇ ಕಡಿದು ಮನೆಯವರಿಗೆಲ್ಲ ಬಾಡೂಟ ಹಾಕಿಸುತ್ತಾನೆ. ಷರತ್ತು ಒಂದೇ: ಎಲುಬು ಮುರಿಯಬಾರದು, ತೊಗಲಿನ ಮೇಲೆ ಹಾಕಬೇಕು. ಒಕ್ಕಲಿಗನ ಮಗನಿಗೆ ನಳ್ಳಿಯ ಆಸೆ. ತೊಡೆಯೆಲುಬು ಸೀಳಿ ಒಳಗಿನ ಸಾರ ಹೀರಿಬಿಡುತ್ತಾನೆ. ಬೆಳಿಗ್ಗೆ ಹೋತಗಳು ಎದ್ದು ನಿಂತಾಗ ಒಂದು ಕುಂಟುತ್ತಿರುತ್ತದೆ. ನಮ್ಮ ಜಾತ್ರೆಯ ಮರುದಿನ ಯಾರ ಮನೆಯಲ್ಲಾದರೂ ಈ ಕತೆ ಹೇಳಿ ನೋಡಿ, ಯಾವ ಹುಡುಗನೂ ಆ ಹುಡುಗನನ್ನು ತಪ್ಪಿತಸ್ಥ ಎನ್ನುವುದಿಲ್ಲ. 2022ರ ಸಿನಿಮಾದಲ್ಲಿ ಹೋತಗಳು ಬಂದವು. ಬಂದು ಏನು ಮಾಡಿದವು? ಕಿರುಚಿದವು. ಎರಡು ತಾಸು ಕಿರುಚಿದವು. ಯಾರೂ ಕಡಿಯಲಿಲ್ಲ, ಯಾರೂ ಉಣ್ಣಲಿಲ್ಲ, ಯಾರ ಹಸಿವೂ ಹಿಂಗಲಿಲ್ಲ.

ಇನ್ನು ಕದ್ದ ಸುತ್ತಿಗೆ ಮರಳಿ ತಂದ ಕತೆ ಎಷ್ಟು ಸೊಗಸೆಂದರೆ ಅದನ್ನು ಬಿಟ್ಟುಬಿಡಲು ವಿಶೇಷ ದಡ್ಡತನ ಬೇಕು. ಫ್ರೇಯಾ ದೇವಿಯನ್ನು ಮದುವೆ ಮಾಡಿಕೊಟ್ಟರೆ ಸುತ್ತಿಗೆ ಕೊಡುತ್ತೇನೆ ಎನ್ನುತ್ತಾನೆ ತ್ರಿಮ್. ದೇವತೆಗಳು ಪಂಚಾಯ್ತಿ ಕೂಡಿ ಥಾರ್‌ನಿಗೇ ಸೀರೆ ಉಡಿಸಿ, ಸರ ಹಾಕಿ, ಮುಸುಕು ಹೊದಿಸಿ ಕಳಿಸುತ್ತಾರೆ. ಮದುವೆಯೂಟದಲ್ಲಿ 'ಮದುಮಗಳು' ಒಂದು ಇಡೀ ಎತ್ತು, ಎಂಟು ಮೀನು, ಮೂರು ಪೀಪಾಯಿ ಮದ್ಯ ಮುಗಿಸುತ್ತಾಳೆ. ಗಂಡಿನ ಕಡೆಯವರು ಗಾಬರಿ. ದಾಸಿಯ ವೇಷದ ಲೋಕಿ ಸಮಜಾಯಿಷಿ ಕೊಡುತ್ತಾನೆ: ಮದುವೆಯ ಖುಷಿಗೆ ಎಂಟು ರಾತ್ರಿ ಉಪವಾಸ ಇದ್ದಳ್ರೀ. ಸುತ್ತಿಗೆ ಮಡಿಲಿಗೆ ಬಂದದ್ದೇ ತಡ, ಮದುಮಗಳು ಬೀಗರನ್ನೆಲ್ಲ ಮಲಗಿಸುತ್ತಾಳೆ.

ಇದನ್ನು ಓದಿದಾಗ ನನಗೆ ಉಪ್ಸಾಲಾ ನೆನಪಾಗಲಿಲ್ಲ, ನಮ್ಮೂರ ದೊಡ್ಡಾಟದ ಅಟ್ಟ ನೆನಪಾಯಿತು. ಸೀರೆ ಉಟ್ಟ ಭೀಮ, ಸೆರಗಿನಡಿ ಮೀಸೆ, ಕೀಚಕ ಹತ್ತಿರ ಬಂದಷ್ಟೂ ಕೆಳಗೆ ಕೂತ ಜನರ ಸೀಟಿ. ಭುಜಕೀರ್ತಿ ಕಟ್ಟಿ ರಾತ್ರಿಯೆಲ್ಲ ಕುಣಿದ ಭೀಮ ಬೆಳಿಗ್ಗೆ ಬಣ್ಣ ಪೂರ್ತಿ ತೊಳೆಯದೆಯೇ ಎಡೆ ಹೊಡೆಯಲು ಹೋಗುತ್ತಿದ್ದ. ನಾಯಕ ಸೀರೆ ಉಟ್ಟರೆ ಅವನ ಗಂಡಸ್ತನಕ್ಕೆ ಏನೂ ಆಗುವುದಿಲ್ಲ ಎಂಬುದು ಯಲಬುರ್ಗಾ ಸೀಮೆಗೂ ಹಳೆಯ ಐಸ್‌ಲ್ಯಾಂಡಿಗೂ ಗೊತ್ತಿತ್ತು. ನಾಲ್ಕು ಸಿನಿಮಾ ತೆಗೆದರೂ ಅದು ಗೊತ್ತಾಗದೆ ಉಳಿದದ್ದು ಗೊಂಬೆ, ಅಂಗಿ, ನೀರಿನ ಬಾಟಲಿ ಮಾರಬೇಕಾದವರಿಗೆ ಮಾತ್ರ. ಸೀರೆ ಉಟ್ಟ ಥಾರ್‌ನ ಗೊಂಬೆಯನ್ನು ಅಂಗಡಿಯ ಯಾವ ಸಾಲಿನಲ್ಲಿ ಇಡುವುದು?

ಇಷ್ಟು ಓದಿ 'ನೋಡಿದಿರಾ, ಪುರಾಣ ಕೆಡಿಸಿದರು' ಎಂದು ಯಾರಾದರೂ ಮುಷ್ಟಿ ಬಿಗಿದರೆ ಅವರನ್ನು ಕಟ್ಟೆಯ ಮೇಲೆ ಕೂರಿಸಿ ಮಜ್ಜಿಗೆ ಕೊಡಬೇಕು. ಕೆಡದ ಪುರಾಣ ಎಲ್ಲಿದೆ? ಥಾರ್‌ನ ಕತೆಗಳನ್ನು 1220ರ ಸುಮಾರಿಗೆ ಬರೆದಿಟ್ಟ ಸ್ನೋರಿ ಸ್ಟರ್ಲುಸನ್ ಕ್ರೈಸ್ತ. ಐಸ್‌ಲ್ಯಾಂಡ್ ಮತ ಬದಲಿಸಿ ಆಗಲೇ ಎರಡು ಶತಮಾನ ದಾಟಿತ್ತು. ಈ ದೇವರುಗಳು ದೇವರೇ ಅಲ್ಲ, ಟ್ರಾಯ್ ಪಟ್ಟಣದಿಂದ ವಲಸೆ ಬಂದ ಮನುಷ್ಯರು ಎಂದು ಅವನೇ ಪೀಠಿಕೆಯಲ್ಲಿ ಬರೆದ. ಅವನ ಕಾಲಕ್ಕೆ ಅದು ಅನಿವಾರ್ಯ. ಈಗಿನ ಸಿನಿಮಾದ ಮೊದಲಲ್ಲಿ ಬರುವ 'ಎಲ್ಲ ಪಾತ್ರಗಳೂ ಕಾಲ್ಪನಿಕ' ಎಂಬ ಸೂಚನೆಯ ಅಜ್ಜ ಅನ್ನಬಹುದು. ಅವನು ರಾಜಕಾರಣಿಯೂ ಹೌದು, 1241ರಲ್ಲಿ ಅದೇ ರಾಜಕಾರಣದಲ್ಲಿ ಕೊಲೆಯಾದ.

ನಮ್ಮವರೇನು ಕಡಿಮೆ? ಹತ್ತನೆಯ ಶತಮಾನದ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಮೇಲೆ ಕೂರಿಸಬೇಕಾಗಿ ಬಂದಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿಬಿಟ್ಟ. ನಾಲ್ವರು ಗಂಡಂದಿರು ಒಂದೇ ಪದ್ಯದ ಗೀಟಿನಲ್ಲಿ ಮನೆಯಿಂದಾಚೆ. ರನ್ನನಿಗೆ ಬೇರೆ ದೊರೆ, ಹಾಗಾಗಿ ಬೇರೆ ನಾಯಕ, ಭೀಮನಿಗೆ ಕಿರೀಟ. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವ ಲಕ್ಷ್ಮಣ. ಕುವೆಂಪು ಅವರು ಸೀತೆಯೊಬ್ಬಳನ್ನೇ ಬೆಂಕಿಗೆ ಕಳಿಸಲು ಮನಸ್ಸು ಬಾರದೆ ರಾಮನನ್ನೂ ಅಗ್ನಿಪ್ರವೇಶ ಮಾಡಿಸಿದರು. ಇವರಲ್ಲಿ ಯಾರನ್ನು ಮೊದಲು ಪೊಲೀಸ್ ಠಾಣೆಗೆ ಕರೆದೊಯ್ಯೋಣ? ನಮ್ಮ ಕೊಪ್ಪಳ ತಾಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಆ ಆಟದ ಪರದೆಯ ಮೇಲೆ ರಾಮ ಬಿಲ್ಲು ಎತ್ತುವುದಕ್ಕೂ ಮುಂಚೆ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು ಊರ ಗೌಡನಿಂದ ಹಿಡಿದು ಎಲ್ಲರ ಮರ್ಯಾದೆ ತೆಗೆದಿರುತ್ತಾರೆ. ದೇವರ ಕತೆಯಲ್ಲಿ ನಗೆಚಾಟಿಕೆ ತುರುಕಿದ ಕೀರ್ತಿಯನ್ನು 2017ರ ಥಾರ್ ಸಿನಿಮಾದ ನಿರ್ದೇಶಕ ತೈಕಾ ವೈತಿತಿಗೆ ಕೊಟ್ಟು ಹೊಗಳುತ್ತಾರಲ್ಲ, ಅವರೊಮ್ಮೆ ಆ ಪರದೆಯ ಮುಂದೆ ಕೂರಬೇಕಿತ್ತು.

ಪರದೆಯ ಆಟಕ್ಕೂ ಸಿನಿಮಾಕ್ಕೂ ಒಂದು ಫರಕಿದೆ. ಗೊಂಬೆಯಾಟದ ಮುಂದೆ ಕೂತವರಿಗೆ ಮೂಲ ಕತೆ ಬಾಯಿಪಾಠ. ಎಲ್ಲಿ ಬದಲಾಯಿತು ಎಂದು ಗೊತ್ತಿರುವುದರಿಂದಲೇ ನಗು ಬರುವುದು. ಅತಿಯಾದರೆ ಕೆಳಗಿನಿಂದ ಮುದುಕನೊಬ್ಬ 'ಏ, ಅಲ್ಲಿ ಹಂಗಿಲ್ಲೋ' ಎಂದು ಕೂಗುತ್ತಿದ್ದ. ಥಾರ್ ನೋಡುವ ಅಣ್ಣನ ಮಗನಿಗೆ ಮೂಲವೇ ಇದು. ಲೋಕಿ ಕಾಕಾ ಆಗಬೇಕು ಎಂದು ನಾನು ಹೇಳಿದರೆ 'ಕಾಕಾ, ನಿಮಗೆ ಏನೂ ಗೊತ್ತಿಲ್ಲ' ಎಂದ. ಕೂಗುವ ಮುದುಕ ನಾನೇ ಆಗಬೇಕಾಗಿ ಬಂತು, ಅದಕ್ಕೆ ಈ ಅಂಕಣ.

ಸಿಟ್ಟಿಗೇಳುವವರ ಲೆಕ್ಕವೂ ವಿಚಿತ್ರವೇ. ಮೊದಲ ಥಾರ್ ಸಿನಿಮಾದಲ್ಲಿ ದೇವಲೋಕದ ಬಾಗಿಲು ಕಾಯುವ ಹೈಮ್‌ಡಾಲ್‌ನ ಪಾತ್ರವನ್ನು ಕಪ್ಪು ನಟ ಇದ್ರಿಸ್ ಎಲ್ಬಾ ಮಾಡುತ್ತಾನೆಂದಾಗ ಅಮೆರಿಕದ ಕೆಲವು ಬಿಳಿಯರಿಗೆ ಧರ್ಮ ನೆನಪಾಯಿತು. ಹೈಮ್‌ಡಾಲ್‌ನನ್ನು ಹಳೆಯ ಪುಸ್ತಕದಲ್ಲಿ ಬಿಳಿಯ ದೇವರು ಎಂದಿದೆ, ನಿಜ. ಅಂಥವೇ ಹಳೆಯ ಪುಸ್ತಕಗಳಲ್ಲಿ ಥಾರ್‌ಗೆ ಕೆಂಪು ಗಡ್ಡ, ಲೋಕಿ ಕಾಕಾ, ಹೆಲ್ ಕಾಕಾನ ಮಗಳು. ಆ ಪುಟಗಳು ಯಾರಿಗೂ ನೋಯಲಿಲ್ಲ. ಪುರಾಣದಲ್ಲಿ ಏನು ಬದಲಾದರೂ ನಡೆದೀತು, ಚರ್ಮ ಒಂದನ್ನು ಬಿಟ್ಟು.

ನಮ್ಮಲ್ಲಿಗೆ ಬನ್ನಿ. 2023ರ ಜೂನ್‌ನಲ್ಲಿ 'ಆದಿಪುರುಷ್' ಬಂತು. ಪ್ರತಿ ಚಿತ್ರಮಂದಿರದಲ್ಲೂ ಒಂದು ಕುರ್ಚಿಯನ್ನು ಹನುಮಂತನಿಗೆ ಕಾದಿರಿಸುತ್ತೇವೆ ಎಂದರು ನಿರ್ಮಾಪಕರು. ಹನುಮಂತ ನಮ್ಮ ಜಿಲ್ಲೆಯವ. ಗಂಗಾವತಿ ತಾಲೂಕಿನ ಆನೆಗೊಂದಿ ಪಕ್ಕದ ಅಂಜನಾದ್ರಿಯಲ್ಲಿ ಹುಟ್ಟಿದವ ಎಂದು ನಾವು ಹೇಳುತ್ತೇವೆ. 2021ರಲ್ಲಿ ತಿರುಪತಿಯವರು ಅವನ ಹುಟ್ಟೂರು ತಮ್ಮ ತಿರುಮಲದಲ್ಲಿದೆ ಎಂದರು. ಗೋಕರ್ಣದ ವಾದವೂ ಇದೆ. ಶಾಲೆಗೆ ಸೇರಿಸಬೇಕಾದರೆ ಈ ಹುಡುಗನ ಜನ್ಮ ದಾಖಲೆಯ ಪರಿಶೀಲನೆಯೇ ಒಂದು ವರ್ಷ ಹಿಡಿಯುತ್ತಿತ್ತು. ಇರಲಿ. ಪಾಪ, ಎಲ್ಲಿಂದ ಹೊರಟನೋ, ತನ್ನ ಕುರ್ಚಿಗೆ ಬಂದು ಬಾಲ ಮಡಿಸಿ ಕೂತ ಅನ್ನಿ. ಪರದೆಯ ಮೇಲೆ ಲಂಕೆ ಸುಡುವ ತಾನೇ ಬೀದಿಬದಿಯ ಪುಂಡನ ಭಾಷೆಯಲ್ಲಿ ಮಾತಾಡುವುದನ್ನು ಕೇಳಿದ. ರಾಮ ಅವನನ್ನು ಮೊದಲ ಸಲ ಕಂಡಾಗ ಮೆಚ್ಚಿದ್ದೇ ಮಾತಿನ ಶುದ್ಧಿಯನ್ನು ಎಂಬುದು ವಾಲ್ಮೀಕಿಯ ಮಾತು. ಕಿಷ್ಕಿಂಧೆಯ ವ್ಯಾಕರಣ ಪಂಡಿತನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಜನ ಗದ್ದಲ ಎಬ್ಬಿಸಿದ ಮೇಲೆ ವಾರದೊಳಗೆ ಸಂಭಾಷಣೆ ಬದಲಾಯಿತು. ಥಾರ್‌ಗೆ ಈ ಭಾಗ್ಯ ಇಲ್ಲ. ಅವನಿಗೆ ಯಾರೂ ಕುರ್ಚಿ ಕಾದಿರಿಸಲಿಲ್ಲ. 2024ರಲ್ಲಿ ತೆಲುಗಿನ 'ಹನು-ಮ್ಯಾನ್' ಬಂದಾಗ ಅದರ ಕಾಲ್ಪನಿಕ ಊರಿನ ಹೆಸರು ಅಂಜನಾದ್ರಿ ಎಂದೇ ಇತ್ತು. ಆ ಊರಿನ ಹುಡುಗ ಮಣಿಯೊಂದರಿಂದ ಹನುಮನ ಬಲ ಪಡೆದು ದುಷ್ಟರನ್ನು ಬಡಿಯುತ್ತಾನೆ. ನಿಜವಾದ ಅಂಜನಾದ್ರಿಯ ಮೆಟ್ಟಿಲು ಹತ್ತುವ ಮುದುಕಿಯರು ಹನುಮನಲ್ಲಿ ಕೇಳುವುದು ದುಷ್ಟರನ್ನು ಬಡಿ ಎಂದಲ್ಲ. ಮೊಣಕಾಲು ನೋವು ಕಡಿಮೆ ಮಾಡು, ಮೊಮ್ಮಗನಿಗೆ ನೌಕರಿ ಕೊಡಿಸು ಎಂದು.

ಯಮ್ಮನ ಪ್ರಶ್ನೆ ಚುಚ್ಚುವುದು ಇಲ್ಲಿಯೇ. ಕತೆ ಬದಲಾಗಲಿ, ಕೂದಲಿನ ಬಣ್ಣ ಬದಲಾಗಲಿ, ಕಾಕಾ ತಮ್ಮನಾಗಲಿ. ಆದರೆ ದೇವರ ಕೆಲಸ ಯಾಕೆ ಹೋಯಿತು? ಮಳೆ ತರುವ ದೇವರು, ಬೆಳೆ ಕಾಯುವ ದೇವರು, ಎಲ್ಲರೂ ಕೆಲಸ ಬಿಟ್ಟು ಲೋಕ ಉಳಿಸುವ ಗುತ್ತಿಗೆ ಹಿಡಿದಿದ್ದಾರೆ. ಲೋಕ ಎಂದರೆ ಬಹುತೇಕ ನ್ಯೂಯಾರ್ಕ್. ಲೋಕವೆಲ್ಲ ಉಳಿಯುತ್ತದೆ, ಒಂದು ಹೊಲ ಉಳಿಯುವುದನ್ನು ನಾನು ಈವರೆಗೂ ಯಾವ ಸಿನಿಮಾದಲ್ಲೂ ಕಂಡಿಲ್ಲ.

ರಾಗ್ನರೋಕ್ ಎಂಬ ಪ್ರಳಯದ ಕತೆಯನ್ನೇ ನೋಡಿ. ಮೂಲದಲ್ಲಿ ಅದು ಬರಗಾಲದಂತೆ ಶುರುವಾಗುತ್ತದೆ. ನಡುವೆ ಬೇಸಿಗೆಯೇ ಇಲ್ಲದೆ ಮೂರು ಚಳಿಗಾಲ, ಅಣ್ಣತಮ್ಮಂದಿರು ಬಡಿದಾಡಿ ಸಾಯುವುದು. ಲೋಕ ಸುತ್ತಿದ ಹಾವನ್ನು ಥಾರ್ ಕೊಲ್ಲುತ್ತಾನೆ. ಅದರ ವಿಷಕ್ಕೆ ಒಂಬತ್ತು ಹೆಜ್ಜೆ ನಡೆದು ತಾನೂ ಬೀಳುತ್ತಾನೆ. ಎಲ್ಲ ಸುಟ್ಟಮೇಲೆ ಕಡಲಿನಿಂದ ಹಸಿರು ನೆಲ ಮತ್ತೆ ಏಳುತ್ತದೆ. ಅಲ್ಲಿ ಬಿತ್ತದೆಯೇ ಹೊಲ ಬೆಳೆಯುತ್ತದೆ. ಬಿತ್ತದೆ ಬೆಳೆಯುವ ಹೊಲ! ಎರೆ-ಮಸಾರಿ ಸೀಮೆಯ ನಮಗೆ ಇದಕ್ಕಿಂತ ದೊಡ್ಡ ಕನಸು ಯಾವ ವೇದವೂ ಕೊಟ್ಟಿಲ್ಲ. ಸಿನಿಮಾದಲ್ಲಿ ಥಾರ್ ಸಾಯುವುದಿಲ್ಲ; ನಟನ ಕರಾರು ಇನ್ನೂ ಬಾಕಿ ಇತ್ತು. ಹಾವೂ ಇಲ್ಲ, ಒಂಬತ್ತು ಹೆಜ್ಜೆಯೂ ಇಲ್ಲ, ಹೊಲವಂತೂ ಇಲ್ಲವೇ ಇಲ್ಲ. ಜನರನ್ನೆಲ್ಲ ದೊಡ್ಡ ಹಡಗಿಗೆ ತುಂಬಿಕೊಂಡು ಆಕಾಶಕ್ಕೆ ಹೊರಡುತ್ತಾನೆ. ಗುಳೆ ಹೋಗುವುದು ಎಂದರೆ ನಮಗೂ ಗೊತ್ತು, ಆದರೆ ನಮ್ಮ ಹಡಗು ಗೋವಾ ಬಸ್ಸು.

ಗುಳೆ ಯಾಕೆನ್ನುತ್ತೀರಾ? ಗಂಗಾವತಿಯವರಿಗೆ ತುಂಗಭದ್ರೆ ಇದ್ದಾಳೆ, ಭತ್ತ ಬೆಳೆಯುತ್ತಾರೆ. ನಮಗೆ ಆಕಾಶ ಒಂದೇ. ಅದೇ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಕೊಚ್ಚಿಕೊಂಡು ಹೋಯಿತು. ಒಂದು ವಾರ ಜಿಲ್ಲೆಯೆಲ್ಲ ಉಸಿರು ಬಿಗಿಹಿಡಿದಿತ್ತು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ಹಲಗೆಗಳನ್ನು ಇಳಿಸಿ ಉಳಿದ ನೀರನ್ನು ಕಾಪಾಡಿದ ತಂಡದ ಮುಂದೆ ನಿಂತವರು ಕನ್ನಯ್ಯ ನಾಯ್ಡು ಎಂಬ ಹಿರಿಯ ಗೇಟು ತಜ್ಞ. ಮೈಮೇಲೆ ಹಾರುವ ಕೆಂಪು ಬಟ್ಟೆ ಇರಲಿಲ್ಲ. ಅವರ ಗೊಂಬೆ ಯಾವ ಅಂಗಡಿಯಲ್ಲೂ ಬರಲಿಲ್ಲ, ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರಿಗಾದರೂ ಹೊಳೆಯಬೇಕಿತ್ತು.

ಜೋಕುಮಾರ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಕಂಬಾರರು ನಾಟಕ ಬರೆದರು, ನಿಜ. ಆದರೆ ನಾಟಕಕ್ಕೆ ಗೊಂಬೆ ಮಾರುವ ಅಂಗಡಿ ಇರುವುದಿಲ್ಲ. ನಾಳೆ ಯಾವುದಾದರೂ ದೊಡ್ಡ ಕಂಪನಿ ಯಲಬುರ್ಗಾಕ್ಕೆ ಬಂತು ಅನ್ನಿ. ನಮ್ಮ ಕಟ್ಟೆಯ ಮೇಲೆಯೇ ಕೂತು, ಯಮ್ಮನ ಎದುರು ಕತೆಯ ತಿದ್ದುಪಡಿಗಳನ್ನು ಓದುತ್ತಾರೆ. ಮೊದಲನೆಯದಾಗಿ, ಏಳು ದಿನದ ಆಯುಷ್ಯ ಸಾಲದು. ಮೂರು ಭಾಗ ತೆಗೆಯಬೇಕು, ಅವನು ಅಮರ. ಒನಕೆಯ ಏಟು ಬೇಡ, ಮಕ್ಕಳು ಅಳುತ್ತವೆ. ಬುಟ್ಟಿಯಲ್ಲಿ ಕೂತರೆ ದೊಡ್ಡ ಪರದೆಯಲ್ಲಿ ಚಿಕ್ಕದಾಗಿ ಕಾಣುತ್ತಾನೆ. ಅರಮನೆ ಬೇಕು. ಇಟಗಿಯ ಮಹಾದೇವ ದೇವಾಲಯದ ಕಂಬಗಳು ಇವೆಯಲ್ಲ, 1112ರಲ್ಲಿ ಕಟ್ಟಿಸಿದ ದಂಡನಾಯಕ ಈಗ ತಕರಾರು ಮಾಡುವುದಿಲ್ಲ, ಅದೇ ಅರಮನೆ. ಬೆಣ್ಣೆ ತಿನ್ನುವುದು ಬೇಡ, ಪ್ರೋಟೀನ್ ಕಂಪನಿಯೊಂದು ಪ್ರಾಯೋಜಕ. ಹೆಣ್ಣುಮಕ್ಕಳನ್ನು ಕೆಣಕಿ ಅಗಸರ ಕೇರಿಯಲ್ಲಿ ಏಟು ತಿಂದ ಪೋಲಿ ಕತೆಯನ್ನು ಒರೆಸಿ, ಅಗಸರ ಹುಡುಗಿಯನ್ನು ಹವಾಮಾನ ವಿಜ್ಞಾನಿ ಮಾಡಬೇಕು. ಥಾರ್‌ನ ಗೆಳತಿ ಚಿತ್ರಕಥೆಯ ಪುಸ್ತಕದಲ್ಲಿ ನರ್ಸು, ಸಿನಿಮಾದಲ್ಲಿ ಖಗೋಳ ವಿಜ್ಞಾನಿ ಆದಳಲ್ಲ, ಹಾಗೆ. ಹೆಂಗಸರು ಹಾಡುವ ಆ ಹಸಿ ಹಸಿ ಹಾಡುಗಳು? ಅಯ್ಯೋ, ಸೆನ್ಸಾರ್. ಇನ್ನು ಗಣಪನ ಜೊತೆಗಿನ ತಕರಾರು. ಅಣ್ಣ ಸುಳ್ಳು ಹೇಳುತ್ತಾನೆ, ತಮ್ಮ ನಿಜ ಹೇಳುತ್ತಾನೆ ಎಂದು ತೋರಿಸಿದರೆ ಭಾವನೆಗಳಿಗೆ ಧಕ್ಕೆ. ಆದ್ದರಿಂದ ಗಣಪ ಬಂದು ಆಶೀರ್ವಾದ ಮಾತ್ರ ಮಾಡಿ ಹೋಗುತ್ತಾನೆ.

ಯಮ್ಮ ಇಷ್ಟೂ ಕೇಳಿ, 'ಮತ್ತ ಮ್ಯಾಲ ಹೋಗಿ ಖರೇ ಹೇಳೂದು?' ಎನ್ನುತ್ತಾಳೆ. ಕಂಪನಿಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಅದೊಂದು ಮಾತ್ರ ಆಗುವುದಿಲ್ಲ ಅಮ್ಮಾ. ಮೋಡ ಕದಿಯುವ ಬೇರೆ ಗ್ರಹದ ರಾಕ್ಷಸನನ್ನು ಜೋಕುಮಾರ ಕೊಲ್ಲುತ್ತಾನೆ, ಮೋಡ ಬಿಡುಗಡೆಯಾಗುತ್ತದೆ. ಆದರೆ 'ಕೆಳಗೆ ಬರ ಇದೆ' ಎಂದು ಮೇಲಿನವರ ಮುಖಕ್ಕೆ ಹೇಳುವ ದೃಶ್ಯ ಬೇಡ. ಯಾವ ಮೇಲಿನವರು ಎಂದು ಯಾರಾದರೂ ಕೇಳಿಯಾರು.

ಕೇಳುತ್ತಾರೆ ಕೂಡ. 2023ರ ಬರದಲ್ಲಿ ಕರ್ನಾಟಕ ಕೇಂದ್ರದಿಂದ 18,171 ಕೋಟಿ ರೂಪಾಯಿ ಪರಿಹಾರ ಕೇಳಿತು. ಸಮೀಕ್ಷೆ ಆಯಿತು, ತಂಡ ಬಂತು, ವರದಿ ಹೋಯಿತು. ಕೊನೆಗೆ 2024ರ ಮಾರ್ಚಿನಲ್ಲಿ ರಾಜ್ಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಕೇಳಿದ ಲೆಕ್ಕ ಸರಿಯೋ ಕೊಟ್ಟ ಲೆಕ್ಕ ಸರಿಯೋ ಎಂಬ ವಾದ ವಕೀಲರದು. ನನಗೆ ಕಾಣುವುದಿಷ್ಟೆ: ಕೆಳಗಿನ ಸಂಕಟ ಮೇಲೆ ತಲುಪಲು ಹಿಂಗಾರು, ಬೇಸಿಗೆ ಎರಡೂ ಬೇಕಾದವು. ಮಣ್ಣಿನ ಜೋಕುಮಾರ ಅದೇ ಕೆಲಸವನ್ನು ಏಳು ದಿನದಲ್ಲಿ, ಭತ್ಯೆ ಇಲ್ಲದೆ, ಸತ್ತು ಮುಗಿಸುತ್ತಾನೆ. ಇದಕ್ಕಿಂತ ದೊಡ್ಡ ಪವರ್ ಯಾವ ಕಂಪನಿಯ ಪಟ್ಟಿಯಲ್ಲಿದೆ?

ಕಟ್ಟೆಯ ಮೇಲೆ ಅಷ್ಟರಲ್ಲಿ ಮೊಬೈಲು ಕೆಂಪು ತೋರಿಸಿ ಆರಿತು. ಸುತ್ತಿಗೆಪ್ಪ ಕತ್ತಲಾದ. ಅವ್ವ ಒಳಗಿನಿಂದ ಮೊರದಲ್ಲಿ ಜೋಳ, ಉಪ್ಪು, ನಾಲ್ಕು ಒಣಮೆಣಸಿನಕಾಯಿ ತಂದಳು. ಬಟ್ಟಲಲ್ಲಿ ಬೆಣ್ಣೆಯೂ ಇತ್ತು. ಯಮ್ಮ ಹುಡುಗನಿಗೇ ಹಚ್ಚಲು ಹೇಳಿದಳು. ಅವನು ಸುತ್ತಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡು ಬೆರಳಲ್ಲಿ ಬೆಣ್ಣೆ ತೆಗೆದು, ಮೂರು ದಿನದ ಬೆಣ್ಣೆ ಮೆತ್ತಿದ್ದ ಆ ಮಣ್ಣಿನ ಬಾಯಿಗೆ ಇನ್ನಷ್ಟು ಮೆತ್ತಿದ. ಬೆರಳಲ್ಲಿ ಉಳಿದದ್ದನ್ನು ತಾನೇ ನೆಕ್ಕಿದ. ಯಮ್ಮ ಬೇವಿನ ತಪ್ಪಲು, ಒಂದಿಷ್ಟು ನುಚ್ಚು ಅವ್ವನ ಸೆರಗಿಗೆ ಹಾಕಿ, ಹೊಲದಾಗ ಚರಗ ಚೆಲ್ರಿ ಎಂದಳು.

"ಅಜ್ಜಿ, ಇವನು ಹುಣ್ಣಿಮೆಗೆ ನಿಜವಾಗ್ಲೂ ಸಾಯ್ತಾನಾ?"

"ಸಾಯತಾನಪಾ."

"ಮತ್ತೆ ಪಾರ್ಟ್ ಟೂ?"

ಯಮ್ಮ ನನ್ನ ಕಡೆ ನೋಡಿದಳು. ಎರಡನೇ ಭಾಗ ಬರತೈತೇನು ಅಂತ ಕೇಳಾಕ ಹತ್ಯಾನ ಎಂದೆ. ಆಕೆ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ಬರತೈತಿ, ಮುಂದಿನ ಭಾದ್ರಪದಕ್ಕ. ಮಣ್ಣು ಬ್ಯಾರೆ ಇರತೈತಿ, ಇವನ ಇರತಾನ. ಯವ್ವಾ, ಇನ್ನೊಂದು ಸೇರು ಜೋಳ ಹಾಕ್ರಿ, ಹೋದ ವರ್ಷದ್ದೂ ಬಾಕಿ ಐತಿ."